ನಲವತ್ತು ಲೆಕ್ಕ ಸರಿ, ಒಂದು ಪ್ರಶ್ನೆ ತಪ್ಪು: ಭಿನ್ನರಾಶಿ ಅಭ್ಯಾಸ ಎಲ್ಲಿ ಕೈಕೊಡುತ್ತದೆ?

ಮಳೆಬಿಲ್ಲು

ಮಗಳು ಐದನೇ ತರಗತಿ. ರಜೆಯಲ್ಲಿ ಮರೆಯದಿರಲಿ ಎಂದು ಗಣಿತದ ಅಭ್ಯಾಸ ಪುಸ್ತಕ ತಂದುಕೊಟ್ಟೆ. ದಿನಕ್ಕೆ ಎರಡು ಪುಟ. ಭಿನ್ನರಾಶಿ ಕೂಡುವ ಪುಟಗಳಲ್ಲಿ ನಲವತ್ತು ಲೆಕ್ಕ, ನಲವತ್ತೂ ಸರಿ. ಹಿಂದಿನ ಉತ್ತರಗಳನ್ನು ನೋಡಿ ಬರೆದದ್ದಲ್ಲ, ಆ ಹಾಳೆಗಳನ್ನು ನಾನೇ ಹರಿದಿಟ್ಟುಕೊಂಡಿದ್ದೇನೆ.

ನಿನ್ನೆ ಬಟ್ಟೆ ಮಡಚುತ್ತಾ ಸುಮ್ಮನೆ ಕೇಳಿದೆ: ‘ಆರನೇ ಒಂದು ದೊಡ್ಡದೋ, ಎಂಟನೇ ಒಂದು ದೊಡ್ಡದೋ?’ ಯೋಚನೆಯನ್ನೇ ಮಾಡದೆ ‘ಎಂಟನೇ ಒಂದು’ ಎಂದಳು. ಏಕೆ ಎಂದರೆ, ‘ಆರಕ್ಕಿಂತ ಎಂಟು ದೊಡ್ಡದಲ್ಲವೇ ಅಮ್ಮಾ?’ ಸರಿ, ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿದರೆ ಎಷ್ಟು ಎಂದೆ. ‘ಐದನೇ ಎರಡು.’ ಇದೇ ಲೆಕ್ಕ ಪುಸ್ತಕದ ಎರಡನೇ ಪುಟದಲ್ಲಿದೆ, ಅಲ್ಲಿ 5/6 ಎಂದು ಸರಿಯಾಗಿಯೇ ಬರೆದಿದ್ದಾಳೆ!

ಹಾಗಾದರೆ ಆ ನಲವತ್ತು ಲೆಕ್ಕಗಳಲ್ಲಿ ಅವಳು ಮಾಡಿದ್ದೇನು? ಇನ್ನೂ ನಲವತ್ತು ಮಾಡಿಸಬೇಕೇ, ಪುಸ್ತಕ ಬದಲಿಸಬೇಕೇ? ಆಕೃತಿಗಳ ಪಾಠವೂ ಹೀಗೆಯೇ ಇದೆಯೇನೋ ಎಂಬ ಭಯ ಬೇರೆ.

ಸೊನ್ನೆ

ಇನ್ನೂ ನಲವತ್ತು ಮಾಡಿಸಿದರೆ ಎಂಬತ್ತು ಸರಿ ಬರುತ್ತವೆ. ಅಷ್ಟೇ.

ಸೀಮೆಸುಣ್ಣ

ನಾನು ಪ್ರಾಥಮಿಕ ತರಗತಿಗಳಿಗೆ ಗಣಿತ ಹೇಳಿಕೊಡುವವಳು. ಮಳೆಬಿಲ್ಲು ಅವರೇ, ಒಂದು ಕೆಲಸ ಮಾಡಿ. ಆ ಪುಸ್ತಕದ ಎರಡೂ ಪುಟ ತೆರೆದು ನೋಡಿ. ಮೊದಲ ಪುಟದ ಲೆಕ್ಕಗಳಲ್ಲೆಲ್ಲ ಛೇದ ಒಂದೇ ಇದೆಯೇ? ಎರಡನೇ ಪುಟದ ನೆತ್ತಿಯ ಮೇಲೆ ಬಿಡಿಸಿದ ಮಾದರಿ ಲೆಕ್ಕವೊಂದಿದೆಯೇ?

ಮಳೆಬಿಲ್ಲು

ನೋಡಿಬಂದೆ. ನೀವು ಪುಸ್ತಕ ಕಣ್ಣೆದುರು ಇಟ್ಟುಕೊಂಡು ಕೇಳಿದಂತಿದೆ. ಮೊದಲ ಇಪ್ಪತ್ತರಲ್ಲಿ ಛೇದ ಒಂದೇ. ಮುಂದಿನ ಇಪ್ಪತ್ತಕ್ಕೆ ಬಣ್ಣದ ಚೌಕಟ್ಟಿನಲ್ಲಿ ಮಾದರಿ: ಲ.ಸಾ.ಅ. ಬರೆ, ಭಾಗಿಸು, ಗುಣಿಸು, ಕೂಡು. ಮನೆಗಳನ್ನೂ ಅವರೇ ಬಿಡಿಸಿಟ್ಟಿದ್ದಾರೆ, ಖಾಲಿ ಜಾಗ ತುಂಬಿಸಿದರೆ ಸಾಕು.

ಸೀಮೆಸುಣ್ಣ

ಅಲ್ಲಿಗೆ ಗುಟ್ಟು ರಟ್ಟಾಯಿತು. ಮಗು ಮೊದಲ ಪುಟದಲ್ಲಿ ಮೇಲಿನ ಅಂಕಿಗಳನ್ನು ಮಾತ್ರ ಕೂಡಿದೆ. ಒಂದನೇ ತರಗತಿಯ ಸಂಕಲನ. ಎರಡನೇ ಪುಟದಲ್ಲಿ ಚೌಕಟ್ಟು ಹೇಳಿದಂತೆ ಕೇಳಿದೆ. ಎರಡರಲ್ಲೂ ಭಿನ್ನರಾಶಿ ಎಂದರೆ ಎಷ್ಟು ಎಂದು ಒಂದು ಸಲವೂ ಯೋಚಿಸಬೇಕಾಗಿ ಬಂದಿಲ್ಲ. ದೋಷ ಮಗುವಿನದಲ್ಲ.

ಇದು ಒಂದು ಮನೆಯ ಕಥೆಯೂ ಅಲ್ಲ. 1978ರಲ್ಲಿ ಅಮೆರಿಕದ ರಾಷ್ಟ್ರಮಟ್ಟದ ಶೈಕ್ಷಣಿಕ ಮೌಲ್ಯಮಾಪನದಲ್ಲಿ 13 ವರ್ಷದವರಿಗೆ ಒಂದು ಪ್ರಶ್ನೆ ಕೊಟ್ಟಿದ್ದರು: 12/13 + 7/8 ಎಷ್ಟಿರಬಹುದು, ಅಂದಾಜು ಹೇಳಿ. ಆಯ್ಕೆಗಳು 1, 2, 19, 21. ಎರಡೂ ಒಂದರ ಹತ್ತಿರವಿರುವ ಸಂಖ್ಯೆಗಳು, ಮೊತ್ತ 2ರ ಆಸುಪಾಸು ಇರಲೇಬೇಕು. ಹಾಗೆ ಹೇಳಿದವರು ಶೇಕಡಾ 24. ಅರ್ಧಕ್ಕಿಂತ ಹೆಚ್ಚು ಮಂದಿ 19 ಅಥವಾ 21 ಎಂದಿದ್ದರು. ಮೇಲಿನದನ್ನೆಲ್ಲ ಕೂಡಿದರೆ 19, ಕೆಳಗಿನದನ್ನು ಕೂಡಿದರೆ 21. ನಿಮ್ಮ ಮಗಳ ‘ಐದನೇ ಎರಡು’ ಹುಟ್ಟಿದ್ದೂ ಅದೇ ದಾರಿಯಲ್ಲಿ.

ಈಗ ಪುಸ್ತಕ ಮುಚ್ಚಿಡಿ. ಕಾಗದದಿಂದ 24 ಸೆಂಟಿಮೀಟರ್ ಉದ್ದದ ಪಟ್ಟಿಗಳನ್ನು ಕತ್ತರಿಸಿ, ಏಳೆಂಟು ಸಾಕು. 24 ಏಕೆಂದರೆ ಅದು ಎಲ್ಲರೊಂದಿಗೂ ಹೊಂದಿಕೊಂಡು ಹೋಗುವ ಸಂಖ್ಯೆ. ಅರ್ಧ 12 ಸೆಂ.ಮೀ., ಮೂರನೇ ಒಂದು 8, ಕಾಲು 6, ಆರನೇ ಒಂದು 4, ಎಂಟನೇ ಒಂದು 3. ಒಂದು ಪಟ್ಟಿಯನ್ನು ಇಡಿಯಾಗಿ ಬಿಟ್ಟು ಉಳಿದವನ್ನು ಅವಳೇ ಅಳೆದು, ಗೆರೆ ಎಳೆದು, ಕತ್ತರಿಸಲಿ. ನೀವು ಕತ್ತರಿಸಿಕೊಡಬೇಡಿ. ಎಂಟು ಸಮಪಾಲು ಮಾಡುವಾಗ ತುಂಡು ಚಿಕ್ಕದಾಗುತ್ತಾ ಹೋಗುವುದು ಕೈಗೆ ತಿಳಿಯಬೇಕು. ಆಮೇಲೆ ಹಳೆಯ ಪ್ರಶ್ನೆಯನ್ನೇ ಕೇಳಿ.

ಅರ್ಧ ಮತ್ತು ಮೂರನೇ ಒಂದನ್ನು ತುದಿಗೆ ತುದಿ ತಾಗಿಸಿ ಇಡಿಯ ಪಟ್ಟಿಯ ಕೆಳಗೆ ಇಡಲು ಹೇಳಿ. 12 ಮತ್ತು 8, ಒಟ್ಟು 20 ಸೆಂ.ಮೀ. ಅವಳು ಹೇಳಿದ ಐದನೇ ಎರಡು ಎಷ್ಟು ಉದ್ದ? 24ನ್ನು ಐದು ಪಾಲು ಮಾಡಿ ಎರಡು ತೆಗೆದರೆ 9.6. ಅದು ಅರ್ಧಕ್ಕಿಂತಲೂ ಕಡಿಮೆ! ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ ಎಂದು ಕೇಳಿ, ಬಾಯಿ ಮುಚ್ಚಿಕೊಂಡು ಕುಳಿತುಬಿಡಿ. ಈ ಕಡೆಯ ಕೆಲಸವೇ ದೊಡ್ಡವರಿಗೆ ಕಷ್ಟ.

ಬಾಯಿಲೆಕ್ಕ

ಕತ್ತರಿ, ಕಾಗದ, ಅಂಟು. ಇದೆಲ್ಲ ಚೆನ್ನಾಗಿಯೇ ಇದೆ. ಆದರೆ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತನಾದವನು ನಾನು, ಒಂದು ಮಾತು ಹೇಳಿಬಿಡುತ್ತೇನೆ. ಮಗ್ಗಿ ಬಾರದ ಮಗುವಿಗೆ ನೀವು ಎಷ್ಟು ಪಟ್ಟಿ ಕತ್ತರಿಸಿಕೊಟ್ಟರೂ ಭಿನ್ನರಾಶಿ ಬರುವುದಿಲ್ಲ. 3/8 ಮತ್ತು 5/12 ಇವೆರಡರಲ್ಲಿ ದೊಡ್ಡದು ಯಾವುದು? 24 ಹೊಳೆಯಬೇಕು, 9/24 ಮತ್ತು 10/24 ಎಂದು ತೋರಬೇಕು. ಎಂಟರ ಮಗ್ಗಿಯಲ್ಲೂ ಹನ್ನೆರಡರ ಮಗ್ಗಿಯಲ್ಲೂ 24 ಬರುತ್ತದೆ ಎಂಬುದು ನಾಲಗೆಯ ತುದಿಯಲ್ಲಿ ಇಲ್ಲದವನು ಅಲ್ಲಿಯೇ ಮುಗ್ಗರಿಸುತ್ತಾನೆ. ಅರ್ಥ ಅರ್ಥ ಎಂದು ಈಗಿನವರು ಮಗ್ಗಿಯನ್ನು ಮೂಲೆಗೆ ತಳ್ಳಿದ್ದೀರಿ.

ಕಾಗದದೋಣಿ

ಮೇಷ್ಟ್ರೇ, ಮಗ್ಗಿ ಬೇಡ ಎಂದವರು ಇಲ್ಲಿ ಯಾರೂ ಇಲ್ಲ. ಬಾಯಿಪಾಠವೊಂದನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂದು ನನ್ನ ಮಗನ ಉದಾಹರಣೆ ಹೇಳುತ್ತೇನೆ. ಏಳರ ಮಗ್ಗಿ ಗಡಗಡ ಹೇಳುತ್ತಿದ್ದ. ‘ಏಳೆಂಟು ಎಷ್ಟು’ ಎಂದು ನಡುವೆ ಕೇಳಿದರೆ ಮೊದಲಿನಿಂದ ಶುರುಮಾಡಿ, ಬೆರಳು ಮಡಚುತ್ತಾ ಅಲ್ಲಿಗೆ ಬರಬೇಕಿತ್ತು.

ಕೊನೆಗೆ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಹತ್ತರವರೆಗಿನ ಮಗ್ಗಿಯಲ್ಲಿ ನೂರು ಗುಣಲಬ್ಧಗಳಿವೆ. ಏಳೆಂಟೂ ಎಂಟೇಳೂ ಒಂದೇ ಎಂದು ತಿಳಿದ ಕೂಡಲೇ ಉಳಿಯುವುದು 55. ಒಂದು, ಎರಡು, ಐದು, ಹತ್ತು ಇವುಗಳ ಮಗ್ಗಿ ಅವನಿಗೆ ನಿದ್ದೆಯಲ್ಲೂ ಬರುತ್ತದೆ, ಅವನ್ನು ತೆಗೆದರೆ ಉಳಿದದ್ದು ಬರೀ 21. ಆ 21ನ್ನು ಚೀಟಿಗಳಲ್ಲಿ ಬರೆದು ಡಬ್ಬಿಗೆ ಹಾಕಿದೆವು. ದಿನಕ್ಕೆ ಐದು ಚೀಟಿ, ಯಾವುದು ಬರುತ್ತದೋ ಅದು. ಸರಿ ಹೇಳಿದ್ದು ಡಬ್ಬಿಯ ತಳಕ್ಕೆ, ತಪ್ಪಿದ್ದು ಮೇಲಕ್ಕೆ. ‘ಇಷ್ಟೇ ಏನಪ್ಪಾ?’ ಎಂದು ಕೇಳಿದ ಮುಖ ಇನ್ನೂ ನೆನಪಿದೆ. ನೂರರ ಬೆಟ್ಟ 21ರ ಗುಡ್ಡೆಯಾಗಿತ್ತು.

ಬಾಯಿಲೆಕ್ಕ

21 ಎಂದು ನಾನು ಎಂದೂ ಎಣಿಸಿ ನೋಡಿರಲಿಲ್ಲ. ಸರಿಯಾಗಿದೆ. ಡಬ್ಬಿಯ ಉಪಾಯಕ್ಕೆ ಒಪ್ಪಿದೆ. ಆದರೂ ಸಾಲಾಗಿ ಹೇಳುವುದನ್ನು ಬಿಡಿಸಬೇಡಿ, ಅದರ ಲಯಕ್ಕೆ ಬೇರೆಯೇ ಉಪಯೋಗವಿದೆ. ಒಂಬತ್ತರ ಮಗ್ಗಿಯಲ್ಲಿ ಹತ್ತರ ಸ್ಥಾನ ಒಂದೊಂದೇ ಏರುವುದು, ಬಿಡಿಸ್ಥಾನ ಒಂದೊಂದೇ ಇಳಿಯುವುದು ಕಿವಿಗೆ ಬೀಳುವುದು ಸಾಲಾಗಿ ಹೇಳಿದಾಗಲೇ.

ಅರೆಕಾಲು

ಗಣಿತದವನಲ್ಲ, ಭಾಷೆಯ ಹುಚ್ಚಿನವನು. ಒಂದು ಸಂಗತಿ ನಿಮ್ಮೆಲ್ಲರ ಗಮನಕ್ಕೆ ಬಂದಿಲ್ಲವೇನೋ. ಮಳೆಬಿಲ್ಲು ಅವರು ‘ಆರನೇ ಒಂದು’ ಎಂದು ಬರೆದಿದ್ದಾರೆ. ಇಡಿಯನ್ನು ಆರು ಪಾಲು ಮಾಡು, ಆಮೇಲೆ ಒಂದನ್ನು ತೆಗೆದುಕೋ. ಮಾತೇ ಕೆಲಸದ ಕ್ರಮ ಹೇಳುತ್ತದೆ: ಮೊದಲು ಛೇದ, ನಂತರ ಅಂಶ. ಆದರೆ ತರಗತಿಯಲ್ಲಿ ನಾವು ಓದುವುದು ‘ಒಂದು ಬೈ ಆರು’. ಅದರಲ್ಲಿ ಎರಡು ಅಂಕಿ ಕೇಳಿಸುತ್ತವೆ, ಪಾಲು ಕೇಳಿಸುವುದಿಲ್ಲ. ‘ಒಂದು ಬೈ ಎರಡು, ಒಂದು ಬೈ ಮೂರು’ ಎಂದು ಕೇಳಿದ ಮಗು ಒಂದಕ್ಕೆ ಒಂದು, ಎರಡಕ್ಕೆ ಮೂರು ಕೂಡಿಸದೆ ಇನ್ನೇನು ಮಾಡೀತು?

‘ಮುಕ್ಕಾಲು’ ಎಂಬ ಪದವನ್ನು ಬಿಡಿಸಿ ನೋಡಿ. ಮೂರು ಕಾಲು. ಕಾಲು ಎಂಬುದು ಒಂದು ಘಟಕ, ಅಂಥವು ಮೂರು. 3/4 ಎಂದರೆ 1/4ರ ಮೂರರಷ್ಟು ಎಂಬ ಪಾಠ ಆ ಪದದೊಳಗೇ ಕುಳಿತಿದೆ. ಇನ್ನು ನನ್ನ ಹೆಸರು, ಅರೆಕಾಲು: ಕಾಲಿನ ಅರ್ಧ, ಎಂಟನೇ ಒಂದು. ಅದರ ಅರ್ಧ ವೀಸ, ಹದಿನಾರನೇ ಒಂದು. ಕಾಗದದ ಪಟ್ಟಿಯನ್ನು ನಾಲ್ಕು ಸಲ ಅರ್ಧಕ್ಕೆ ಮಡಚಿದರೆ ವೀಸ ಕೈಗೆ ಸಿಗುತ್ತದೆ. ಎಷ್ಟು ಸಲ ಮಡಚಿದರೆ ಎಷ್ಟು ಪಾಲು ಎಂದು ಮಗು ಮಡಕೆ ಬಿಚ್ಚುವ ಮುನ್ನವೇ ಹೇಳಲಿ. ಮೂರು ಮಡಕೆಗೆ ‘ಆರು’ ಎನ್ನುವವರೇ ಹೆಚ್ಚು. ಬಿಚ್ಚಿದಾಗ ಎಂಟು.

ಸೀಮೆಸುಣ್ಣ

ಅರೆಕಾಲು ಅವರೇ, ಇದು ನನಗೆ ನಾಳೆಯಿಂದಲೇ ಬೇಕಾದ ಮಾತು. ‘ನಾಲ್ಕರಲ್ಲಿ ಮೂರು’ ಎಂದು ಓದಿಸಿ ಮುಗಿಸುತ್ತಿದ್ದೆ, ಮುಕ್ಕಾಲನ್ನು ಬಿಡಿಸಿ ತೋರಿಸಿರಲಿಲ್ಲ.

ಮಾತು ಬಂದಾಗ ಸಂಖ್ಯೆಗಳ ಹೆಸರೂ ನೆನಪಾಯಿತು. ‘ನಾಲ್ಕು ಸಾವಿರದ ಮೂರು’ ಬರೆಯಿರಿ ಎಂದರೆ ಕೆಲವರು 40003 ಬರೆಯುತ್ತಾರೆ. ಕಿವಿಗೆ ಬಿದ್ದದ್ದನ್ನೇ ಬರೆದಿದ್ದಾರೆ: ನಾಲ್ಕು ಸಾವಿರ 4000, ಪಕ್ಕದಲ್ಲಿ 3. ಇದಕ್ಕೆ ಬೈಗುಳ ಮದ್ದಲ್ಲ. 4000 ಎಂದು ಬರೆದ ಉದ್ದ ಚೀಟಿಯ ಕೊನೆಯ ಸೊನ್ನೆಯ ಮೇಲೆ 3 ಎಂಬ ಪುಟ್ಟ ಚೀಟಿಯನ್ನು ಹೊದಿಸಿ, 4003 ಕಾಣುತ್ತದೆ. ಚೀಟಿ ಎತ್ತಿದರೆ ಅಡಗಿದ್ದ ಸೊನ್ನೆ ಮತ್ತೆ ಹೊರಗೆ ಬರುತ್ತದೆ. ಒಂಬತ್ತು, ತೊಂಬತ್ತು, ಒಂಬೈನೂರು ಈ ಮೂರನ್ನು ಕಲಸಿಕೊಳ್ಳುವ ಮಕ್ಕಳಿಗೂ ಇದೇ ಚೀಟಿಗಳು ಸಾಕು.

ವ್ಯವಕಲನದಲ್ಲಿ 62ರಿಂದ 27 ಕಳೆದು 45 ಬರೆಯುವ ಮಗುವನ್ನೂ ನೀವು ಕಂಡಿರುತ್ತೀರಿ. ಎರಡರಲ್ಲಿ ಏಳು ಹೋಗದು, ಆದ್ದರಿಂದ ಏಳರಲ್ಲಿ ಎರಡು ಕಳೆದಿದೆ. ತಪ್ಪಿಗೂ ಒಂದು ತರ್ಕವಿರುತ್ತದೆ. ಅದು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಬರೀ ಕೆಂಪು ಗುರುತು ಹಾಕಿದರೆ ನಾಳೆಯೂ 45 ಬರುತ್ತದೆ.

ಸೊನ್ನೆ

5000ದಿಂದ 1378 ಕಳೆಯುವಾಗ ಮೂರು ಸೊನ್ನೆ ದಾಟಿ ದಶಕ ತರಬೇಡಿ. ಎರಡರಿಂದಲೂ ಒಂದೊಂದು ಕಡಿಮೆ ಮಾಡಿ: 4999 − 1377. ಎಲ್ಲೂ ದಶಕವಿಲ್ಲ, 3622. ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದರೆ ನಡುವಿನ ಅಂತರ ಬದಲಾಗದು. ಇದು ಉಪಾಯವಲ್ಲ, ವ್ಯವಕಲನದ ಅರ್ಥವೇ ಇದು.

ಬಾಯಿಲೆಕ್ಕ

ಸೊನ್ನೆಯವರು ಮೊದಲ ಬಾರಿಗೆ ಎರಡು ಸಾಲಿಗಿಂತ ಹೆಚ್ಚು ಬರೆದಿದ್ದಾರೆ. ದಾಖಲಾಗಲಿ.

ಭಿನ್ನರಾಶಿಯ ಮಾತು ಮುಗಿಯುವ ಮುನ್ನ ನಾನೂ ಒಂದು ಸೇರಿಸುತ್ತೇನೆ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ಒಂದನ್ನು ಅಂಶ 1 ಇರುವ ಭಿನ್ನರಾಶಿಗಳ ಮೊತ್ತವಾಗಿ ಬರೆಯುವ ಸೂತ್ರ ಕೊಟ್ಟಿದ್ದಾರೆ. ಮೂರು ಪದಗಳಿಗೆ 1/2 + 1/3 + 1/6. ನಾಲ್ಕಕ್ಕೆ 1/2 + 1/3 + 1/9 + 1/18. ಮೊದಲನೆಯದು ಮೇಡಂ ಅವರ 24ರ ಪಟ್ಟಿಯಲ್ಲೇ ಕೂರುತ್ತದೆ: 12, 8, 4. ಎರಡನೆಯದಕ್ಕೆ ಪಟ್ಟಿ 36 ಸೆಂ.ಮೀ. ಇರಲಿ: 18, 12, 4, 2. ಹಾಳೆ ಸಾಲದಿದ್ದರೆ ಎರಡನ್ನು ಅಂಟಿಸಿಕೊಳ್ಳಿ. ಕತ್ತರಿ ಅಂಟು ಎಂದು ಹಂಗಿಸಿದವನೇ ಹೇಳುತ್ತಿದ್ದೇನೆ, ನಗಬೇಡಿ.

ಮಳೆಬಿಲ್ಲು

ನಕ್ಕೆ ಮೇಷ್ಟ್ರೇ, ಕ್ಷಮಿಸಿ. ಪಟ್ಟಿ ಕತ್ತರಿಸಿದ್ದಾಯಿತು. ಐದನೇ ಎರಡರ ತುಂಡನ್ನು ಅರ್ಧದ ಪಕ್ಕದಲ್ಲಿಟ್ಟಾಗ ಸುಮಾರು ಹೊತ್ತು ಮಾತಿಲ್ಲ. ನಾನು ವಿವರಿಸಲು ಬಾಯಿ ತೆರೆದವಳು, ಸೀಮೆಸುಣ್ಣ ಅವರ ಮಾತು ನೆನಪಾಗಿ ಎದ್ದು ಹೋದೆ. ವಾಪಸು ಬಂದಾಗ ಆರನೇ ಒಂದರ ತುಂಡುಗಳನ್ನು 20 ಸೆಂ.ಮೀ. ಮೇಲೆ ಸಾಲಾಗಿ ಜೋಡಿಸಿದ್ದಳು. ಐದು ಹಿಡಿದವು. ‘ಅಮ್ಮಾ, ಪುಸ್ತಕದಲ್ಲಿ ನಾನು ಬರೆದ 5/6 ನಿಜವಾಗಿಯೂ ಸರಿ!’ ಎಂದಳು. ಅಂದರೆ ಇಷ್ಟು ದಿನ ಅದು ಸರಿ ಎಂದು ಅವಳಿಗೇ ನಂಬಿಕೆ ಇರಲಿಲ್ಲ.

ಈಗ ಆಕೃತಿಗಳ ಕಡೆ ಬರಬಹುದೇ? ಚೌಕವನ್ನು ಓರೆಯಾಗಿ ಬರೆದು ತೋರಿಸಿದರೆ ಅದು ಚೌಕವೇ ಅಲ್ಲ ಎನ್ನುತ್ತಾಳೆ.

ಕಾಗದದೋಣಿ

ನನ್ನವನು ತಲೆಕೆಳಗಾದ ತ್ರಿಭುಜವನ್ನು ತ್ರಿಭುಜ ಎಂದು ಒಪ್ಪಿರಲಿಲ್ಲ. ‘ಬಿದ್ದುಹೋಗಿದೆ’ ಎಂದಿದ್ದ.

ಸೀಮೆಸುಣ್ಣ

ಪುಸ್ತಕಗಳಲ್ಲಿ ಚೌಕ ಯಾವಾಗಲೂ ನೆಲದ ಮೇಲೆ ನೆಟ್ಟಗೆ ಕುಳಿತಿರುತ್ತದೆ, ತ್ರಿಭುಜದ ಶಿಖರ ಯಾವಾಗಲೂ ಮೇಲಿರುತ್ತದೆ. ಮಗು ಕಲಿತದ್ದು ಆ ಚಿತ್ರವನ್ನು, ಗುಣವನ್ನಲ್ಲ. ನೆದರ್ಲೆಂಡ್ಸ್‌ನ ಶಿಕ್ಷಕ ದಂಪತಿ ಪಿಯೆರ್ ವಾನ್ ಹೀಲ್ ಮತ್ತು ಡೀನಾ ವಾನ್ ಹೀಲ್ 1957ರಲ್ಲಿ ಇದನ್ನೇ ಹಂತಗಳಾಗಿ ವಿವರಿಸಿದರು. ಮೊದಲ ಹಂತದಲ್ಲಿ ಮಗು ಒಟ್ಟು ನೋಟದಿಂದ ಗುರುತಿಸುತ್ತದೆ. ಮುಂದಿನದರಲ್ಲಿ ಬಾಹು, ಕೋನ ನೋಡುತ್ತದೆ. ಚೌಕವೂ ಒಂದು ಆಯತವೇ ಎಂದು ಒಪ್ಪುವುದು ಅದರ ನಂತರದ ಹಂತ. ವಯಸ್ಸಾದರೆ ತಾನಾಗಿ ಮೇಲೇರುವ ಮೆಟ್ಟಿಲುಗಳಲ್ಲ ಇವು, ಕಲಿಸಿದರೆ ಏರುವಂಥವು.

ಆದ್ದರಿಂದ ‘ಇದು ಚೌಕವೇ ಅಲ್ಲವೇ’ ಎಂದು ವಾದಕ್ಕೆ ಇಳಿಯಬೇಡಿ. ಕಾಗದದ ಚೌಕ ಕತ್ತರಿಸಿ ಮೇಜಿನ ಮೇಲೆ ನಿಧಾನವಾಗಿ ತಿರುಗಿಸಿ. ಯಾವ ಕ್ಷಣದಲ್ಲಿ ಅದು ಚೌಕವಾಗಿರುವುದನ್ನು ಬಿಟ್ಟಿತು ಎಂದು ಅವಳೇ ‘ನಿಲ್ಲಿಸು’ ಎನ್ನಲಿ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಒದ್ದಾಡುತ್ತಾರೆ. ಅದೇ ಪಾಠ.

ಸಮಮಿತಿಗೂ ಮಾತು ಬೇಡ. ಆಯತದ ಕರ್ಣ ಸಮಮಿತಿಯ ರೇಖೆ ಎನ್ನುವವರು ಆ ಗೆರೆಯ ಮೇಲೆ ಮಡಚಿ ನೋಡಲಿ, ಮೂಲೆಗಳು ಹೊರಗೆ ಇಣುಕುತ್ತವೆ.

ಸುತ್ತಳತೆ ಮತ್ತು ವಿಸ್ತೀರ್ಣದ ಗೊಂದಲಕ್ಕೆ ಮಾತ್ರ ಸ್ವಲ್ಪ ಹೊತ್ತು ಕೊಡಿ. ಇವೆರಡನ್ನೂ ಸೂತ್ರವಾಗಿ ಒಂದೇ ವಾರದಲ್ಲಿ ಕಲಿಸಿದರೆ ಮಕ್ಕಳ ತಲೆಯಲ್ಲಿ ಒಂದೇ ಮುದ್ದೆಯಾಗುತ್ತವೆ. ಚೌಕಳಿ ಹಾಳೆಯಲ್ಲಿ ಸುತ್ತಳತೆ 16 ಬರುವ ಆಯತಗಳನ್ನೆಲ್ಲ ಬರೆಯಲು ಹೇಳಿ. 1×7, 2×6, 3×5, 4×4. ಸುತ್ತಳತೆ ನಾಲ್ಕಕ್ಕೂ ಒಂದೇ, ಒಳಗಿನ ಮನೆಗಳು ಮಾತ್ರ 7, 12, 15, 16. ಆಮೇಲೆ 6×4 ಆಯತ ಕತ್ತರಿಸಿಕೊಂಡು, ಅದರ ಒಂದು ಮೂಲೆಯಿಂದ ಒಂದೇ ಒಂದು ಮನೆಯನ್ನು ಕತ್ತರಿಸಿ ತೆಗೆಯಿರಿ. ವಿಸ್ತೀರ್ಣ 24 ಇದ್ದದ್ದು 23. ಸುತ್ತಳತೆ? ತುಂಡು ಹೋಯಿತಲ್ಲ, ಕಡಿಮೆಯಾಗಿರಬೇಕು ಎನ್ನುತ್ತಾರೆ. ದಾರ ಹಿಡಿದು ಅಂಚಿನ ಗುಂಟ ಎಣಿಸಿದರೆ ಮೊದಲಿನಂತೆಯೇ 20. ಹೋದ ಎರಡು ಅಂಚುಗಳ ಬದಲಿಗೆ ಒಳಗೆ ಎರಡು ಹೊಸ ಅಂಚು ಹುಟ್ಟಿವೆ. ಇದನ್ನು ಮಾಡಿಸುವಾಗ ತರಗತಿಯಲ್ಲಿ ಒಬ್ಬರಾದರೂ ‘ಮೇಡಂ, ಮೋಸ’ ಎನ್ನುತ್ತಾರೆ. ಆ ಕೂಗಿಗಾಗಿಯೇ ಪ್ರತಿ ವರ್ಷ ಮಾಡಿಸುತ್ತೇನೆ.

ಸೊನ್ನೆ

ಅಳತೆಪಟ್ಟಿಯ ಮೊದಲ ಎರಡು ಸೆಂಟಿಮೀಟರ್ ಮುರಿದುಹಾಕಿ ಕೊಡಿ. 2ರಿಂದ 9ರವರೆಗಿನ ಗೆರೆಯನ್ನು 9 ಎನ್ನುವ ಮಗು ಅಂಕಿ ಓದುತ್ತಿದೆ, 7 ಎನ್ನುವ ಮಗು ಅಳೆಯುತ್ತಿದೆ.

ಮಳೆಬಿಲ್ಲು

ಹಾಗಾದರೆ ಅಭ್ಯಾಸ ಪುಸ್ತಕವನ್ನು ಅಟ್ಟಕ್ಕೆ ಹಾಕಲೇ?

ಸೀಮೆಸುಣ್ಣ

ಬೇಡ. ಅದರ ಲೆಕ್ಕಗಳು ಕೆಟ್ಟವಲ್ಲ, ಜೋಡಣೆ ಕೆಟ್ಟದ್ದು. ಒಂದೇ ಜಾತಿಯ ಇಪ್ಪತ್ತು ಲೆಕ್ಕ ಸಾಲಾಗಿ ನಿಂತರೆ, ಮೂರನೆಯದರ ಹೊತ್ತಿಗೆ ಯಾವ ವಿಧಾನ ಬೇಕು ಎಂಬ ಯೋಚನೆ ನಿಂತುಹೋಗುತ್ತದೆ. ಬೇರೆ ಬೇರೆ ಪುಟಗಳಿಂದ ಆರಿಸಿ ಬೆರೆಸಿ ಕೊಡಿ: ಒಂದು ಭಿನ್ನರಾಶಿ, ಒಂದು ಸುತ್ತಳತೆ, ಒಂದು ವ್ಯವಕಲನ, ಸಂಖ್ಯಾರೇಖೆಯ ಮೇಲೆ ಮುಕ್ಕಾಲು ಗುರುತಿಸುವ ಒಂದು. ದಿನಕ್ಕೆ ಆರು ಸಾಕು. ಸಂಖ್ಯಾರೇಖೆಯನ್ನು 0ಯಿಂದ 4ರವರೆಗೆ ಎಳೆದು ‘ಅರ್ಧ ಎಲ್ಲಿದೆ’ ಎಂದು ಕೇಳುವುದನ್ನು ಮರೆಯಬೇಡಿ, 2ರ ಮೇಲೆ ಬೆರಳಿಡುವವರು ಬಹಳ.

ಬೆರೆಸಿ ಕೊಟ್ಟಾಗ ಮೊದಮೊದಲು ತಪ್ಪು ಹೆಚ್ಚುತ್ತದೆ, ಗಾಬರಿಯಾಗಬೇಡಿ. ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಬಗೆಯವನ್ನು ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇಕಡಾ 89 ಸರಿ ಮಾಡಿದರು, ಬೆರೆಸಿ ಮಾಡಿದವರು 60. ಒಂದು ವಾರದ ನಂತರದ ಪರೀಕ್ಷೆಯಲ್ಲಿ ಸಾಲಿನವರು 20ಕ್ಕೆ ಇಳಿದರು, ಬೆರೆಸಿದವರು 63ರಲ್ಲಿ ನಿಂತರು. ಅದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಘನಾಕೃತಿಗಳ ಗಾತ್ರದ ಲೆಕ್ಕದಲ್ಲಿ ನಡೆದದ್ದು ಎಂಬುದನ್ನು ಮರೆಮಾಚುವುದಿಲ್ಲ. ಆದರೆ ನನ್ನ ತರಗತಿಯಲ್ಲಿ ಕಂಡದ್ದೂ ಇದೇ. ನಲವತ್ತಕ್ಕೆ ನಲವತ್ತು ಬಂದ ದಿನ ನಾನು ಸಂತೋಷಪಡುವುದನ್ನು ಬಿಟ್ಟು ವರ್ಷಗಳಾದವು.

ಬಾಯಿಲೆಕ್ಕ

ನಮ್ಮ ಕಾಲದಲ್ಲೂ ಬಾಯಿಲೆಕ್ಕ ಎಂದರೆ ಕಲಸುಮೇಲೋಗರವೇ. ಮೇಷ್ಟ್ರು ಏನು ಕೇಳುತ್ತಾರೆಂದು ಗೊತ್ತೇ ಇರುತ್ತಿರಲಿಲ್ಲ. ಈ ಅಂಕಿಅಂಶ ಈಗ ಸಿಕ್ಕಿತು, ಅಷ್ಟೇ.

ಮಳೆಬಿಲ್ಲು

ಹತ್ತು ದಿನಗಳ ವರದಿ. ದಿನಕ್ಕೆ ಆರು ಲೆಕ್ಕ, ನಾನೇ ಚೀಟಿಯಲ್ಲಿ ಬರೆದು ಕೊಡುತ್ತೇನೆ. ಮೊದಲ ದಿನ ಎರಡೇ ಸರಿ, ಅಳು. ನಿನ್ನೆ ಐದು. ಆರನೇ ಒಂದು, ಎಂಟನೇ ಒಂದರ ಪ್ರಶ್ನೆಯನ್ನು ಈಗ ಅವಳೇ ತಂದೆಗೆ ಹಾಕಿ ಪರೀಕ್ಷಿಸುತ್ತಿದ್ದಾಳೆ. ಅವರು ತಪ್ಪು ಹೇಳಿದರು ಎಂಬುದನ್ನು ಇಲ್ಲಿ ಬರೆಯಬಾರದಿತ್ತು.

ತಪ್ಪಿದ ಆ ಒಂದು ಕೋನದ್ದು. 130 ಡಿಗ್ರಿಯ ಕೋನವನ್ನು 50 ಎಂದು ಬರೆಯುತ್ತಾಳೆ. ಕೋನಮಾಪಕದಲ್ಲಿ ಎರಡು ಸಾಲು ಅಂಕಿಗಳಿವೆಯಲ್ಲ, ಒಳಗಿನದೋ ಹೊರಗಿನದೋ ಎಂದು ಗೊಂದಲ. ‘ಎಡಗಡೆ ತೆರೆದರೆ ಇದು, ಬಲಗಡೆ ತೆರೆದರೆ ಅದು’ ಎಂದು ನಾನು ನಿಯಮ ಹೇಳಿಕೊಟ್ಟೆ. ನನಗೇ ಮರೆತುಹೋಯಿತು.

ಕಾಗದದೋಣಿ

ನಿಯಮ ಬೇಡ. ಹಾಳೆಯ ಒಂದು ಮೂಲೆ ಹರಿದು ಕೊಡಿ, ಅದೇ ಲಂಬಕೋನ. ಕೋನಮಾಪಕ ಮುಟ್ಟುವ ಮುನ್ನ ಮೂಲೆಯನ್ನು ಕೋನದ ಮೇಲಿಟ್ಟು ‘90ಕ್ಕಿಂತ ಹೆಚ್ಚು’ ಅಥವಾ ‘ಕಡಿಮೆ’ ಎಂದು ಬರೆದಿಡಲಿ. ಆಮೇಲೆ 50 ಕಣ್ಣಿಗೆ ಬಿದ್ದರೂ ತಾನೇ ಒಪ್ಪುವುದಿಲ್ಲ.

ಮಳೆಬಿಲ್ಲು

ಕೊಟ್ಟೆ. ಮೂಲೆಯ ಮೇಲೆ ‘90’ ಎಂದು ಬರೆದು ಕಂಪಾಸು ಪೆಟ್ಟಿಗೆಯಲ್ಲಿ ಕೈವಾರದ ಪಕ್ಕಕ್ಕೆ ಇಟ್ಟುಕೊಂಡಿದ್ದಾಳೆ. ಇವತ್ತು ಬೆಳಿಗ್ಗೆಯಿಂದ ಮನೆಯ ಬಾಗಿಲು, ಕಿಟಕಿ, ಮೇಜು ಎಲ್ಲದರ ಮೂಲೆಗೂ ಅದನ್ನು ಹಿಡಿದು ನೋಡುತ್ತಿದ್ದಾಳೆ. ಅಡುಗೆಮನೆಯ ಕಪಾಟಿನ ಬಾಗಿಲು 90 ಇಲ್ಲವಂತೆ.